ಏಳು ವರ್ಷದ ನಂತರ: ನಮ್ಮ ವಿವಾಹಪೂರ್ವ ಒಪ್ಪಂದ

ಒಂದುವೇಳೆ ಬೇರೆಯಾದರೆ ಯಾವ ಆಸ್ತಿ, ಯಾವ ಸಾಲ ಯಾರದು ಎಂದು ಮದುವೆಗೆ ನಾಲ್ಕು ತಿಂಗಳು ಮೊದಲೇ ಬರೆಸಿಕೊಂಡ ಒಪ್ಪಂದಕ್ಕೆ ಈಗ ಏಳು ವರ್ಷ. "ಕೂಡುವ ಮುಂಚೆಯೇ ಅಗಲುವ ಮಾತೇ?" ಎಂದು ಮನೆಯ ಹಿರಿಯರು ನೊಂದುಕೊಂಡಿದ್ದರು. ನನಗೂ ಅಳುಕಿತ್ತು.

ಈ ಪತ್ರದ ಜೀವ ಷರತ್ತುಗಳಲ್ಲಿಲ್ಲ, ಕೊನೆಗೆ ಲಗತ್ತಿಸುವ ಎರಡು ಅನುಬಂಧಗಳಲ್ಲಿದೆ. ನನ್ನ ಗಂಡನ ಆಸ್ತಿ, ಸಾಲಗಳ ಪಟ್ಟಿ ಒಂದು, ನನ್ನದೊಂದು. ಮುಚ್ಚಿಟ್ಟದ್ದು ಹೊರಬಿದ್ದರೆ ನ್ಯಾಯಾಲಯ ಇಡೀ ಒಪ್ಪಂದವನ್ನೇ ತಳ್ಳಿಹಾಕಬಹುದು ಎಂದು ನನ್ನ ವಕೀಲೆ ಮೊದಲ ದಿನವೇ ಎಚ್ಚರಿಸಿದ್ದರು. ಬರೆಯಲು ಕುಳಿತ ಸಂಜೆ ಅವನು ಸಂಬಳ, ಉಳಿತಾಯ, ವಾಹನ ಸಾಲ ಎಲ್ಲವನ್ನೂ ಸರಸರನೆ ಬರೆದ. ಆಮೇಲೆ ಪೆನ್ನು ನಿಂತಿತು. ಬಹಳ ಹೊತ್ತಾದ ಮೇಲೆ ಹಾಳೆಯ ತಳದಲ್ಲಿ ಸಣ್ಣ ಅಕ್ಷರದಲ್ಲಿ ಒಂದು ಸಾಲು ಸೇರಿಸಿದ: ತಮ್ಮನ ಸಾಲಕ್ಕೆ ಜಾಮೀನು. ಅದು ಸಾಲವಲ್ಲ, ಬರೀ ಸಹಿ ಎಂದುಕೊಂಡಿದ್ದನಂತೆ.

ಮೂರನೆಯ ವರ್ಷ ಅವನ ತಮ್ಮ ಕಂತು ಕಟ್ಟುವುದನ್ನು ನಿಲ್ಲಿಸಿದ. ನೋಟಿಸ್ ನಮ್ಮ ಬಾಗಿಲಿಗೆ ಬಂತು. ಬಹಳ ಜನ ಎಡವುವುದು ಇಲ್ಲಿಯೇ. ಒಪ್ಪಂದ ಕಟ್ಟಿಹಾಕುವುದು ಗಂಡ ಹೆಂಡತಿಯನ್ನು, ಸಾಲ ಕೊಟ್ಟವರನ್ನಲ್ಲ. "ಹಿಂದಿನ ಸಾಲ ಅವರವರದು" ಎಂದು ನಾವು ಬರೆದುಕೊಂಡದ್ದು ಅವರಿಗೆ ಲೆಕ್ಕಕ್ಕಿಲ್ಲ. ನಮ್ಮನ್ನು ಉಳಿಸಿದ್ದು ಹಣಕಾಸು ಸಲಹೆಗಾರರು ಹಟ ಹಿಡಿದು ಮಾಡಿಸಿದ ಏರ್ಪಾಡು: ತಲಾ ಒಂದು ಸ್ವಂತ ಖಾತೆ, ಮನೆಖರ್ಚಿಗಷ್ಟೇ ಜಂಟಿ ಖಾತೆ, ಆರು ತಿಂಗಳ ಖರ್ಚಿಗಾಗುವಷ್ಟು ತುರ್ತು ನಿಧಿ. ಅವನು ತನ್ನ ಖಾತೆಯಿಂದಲೇ ಎರಡು ವರ್ಷ ಕಂತು ಕಟ್ಟಿ ತೀರಿಸಿದ. ನೋಟಿಸ್ ಬಂದ ರಾತ್ರಿ ನಮ್ಮಿಬ್ಬರ ನಡುವೆ ಜಗಳವಾಗಲಿಲ್ಲ. ಆ ಸಾಲು ಪಟ್ಟಿಯಲ್ಲಿತ್ತು, ನಾನು ಓದಿಯೇ ಸಹಿ ಮಾಡಿದ್ದೆ.

ದೊಡ್ಡ ಕೊರತೆಯೂ ಇತ್ತು. "ಅವರವರ ಗಳಿಕೆ ಅವರವರಿಗೆ" ಎಂಬ ಷರತ್ತು ಇಬ್ಬರೂ ದುಡಿಯುವಾಗ ನ್ಯಾಯವಾಗಿಯೇ ಕಂಡಿತು. ಮಗಳು ಹುಟ್ಟಿ ನಾನು ಕೆಲಸ ಬಿಟ್ಟಾಗ ಅವನ ನಿವೃತ್ತಿ ನಿಧಿ ಬೆಳೆಯುತ್ತಾ ಹೋಯಿತು, ನನ್ನದು ನಿಂತಲ್ಲೇ ನಿಂತಿತು. ಕರಡು ಬರೆದವರು ಇದನ್ನು ಮೊದಲೇ ಕೇಳಬೇಕಿತ್ತು; ಈ ಸಿಟ್ಟು ನನಗೆ ಇಂದಿಗೂ ಇದೆ. ಮತ್ತೆ ಇಬ್ಬರೂ ಬೇರೆಬೇರೆ ವಕೀಲರನ್ನು ಕಂಡು, ಮನೆಯಲ್ಲಿದ್ದವರ ನಿಧಿಗೂ ದುಡಿಯುವವರು ಪ್ರತಿ ತಿಂಗಳು ಹಣ ಹಾಕಬೇಕೆಂದು ಲಿಖಿತ ತಿದ್ದುಪಡಿ ಮಾಡಿಸಿದೆವು. ಮಗಳು ಯಾರ ಬಳಿ ಇರಬೇಕು ಎಂಬುದನ್ನು ಮಾತ್ರ ಯಾವ ಒಪ್ಪಂದವೂ ಮೊದಲೇ ಕಟ್ಟಿಡಲಾಗದು. ಅದನ್ನು ಮಗುವಿನ ಹಿತ ನೋಡಿ ನ್ಯಾಯಾಲಯವೇ ತೀರ್ಮಾನಿಸುತ್ತದೆ.

ಕಾನೂನಿನ ಬಲ ದೇಶದಿಂದ ದೇಶಕ್ಕೆ ಬೇರೆ. ಬ್ರಿಟನ್ನಿನ ಸುಪ್ರೀಂ ಕೋರ್ಟ್ 2010ರ ರಾಡ್‌ಮಾಕರ್ ಪ್ರಕರಣದಲ್ಲಿ, ಸ್ವಇಚ್ಛೆಯಿಂದ, ಪರಿಣಾಮವನ್ನು ಪೂರ್ತಿ ಅರಿತು ಮಾಡಿಕೊಂಡ ಒಪ್ಪಂದಕ್ಕೆ, ಅದು ಅನ್ಯಾಯವಾಗದ ಹೊರತು, ಮನ್ನಣೆ ಕೊಡಬೇಕೆಂದು ಹೇಳಿತು. ಹಾಗಾಗಿ ಮದುವೆಯ ಹಿಂದಿನ ದಿನ ಆತುರದಲ್ಲಿ ಸಹಿ ಹಾಕಿಸಿಕೊಳ್ಳಲು ಬರುವವರನ್ನು ವಾಪಸು ಕಳುಹಿಸಿ.

ಹತ್ತು ವರ್ಷಕ್ಕೆ ನಮ್ಮ ಒಪ್ಪಂದ ತಾನಾಗಿ ಮುಗಿಯುತ್ತದೆ. ಮುಗಿಯಲಿ ಬಿಡು ಎನ್ನುತ್ತಾನೆ ಅವನು. ಷರತ್ತುಗಳು ಹೋದರೆ ಹೋಗಲಿ, ವರ್ಷಕ್ಕೊಮ್ಮೆ ಕುಳಿತು ಪಟ್ಟಿ ಬರೆಯುವುದನ್ನು ಬಿಡುವುದು ಬೇಡ ಎಂದಿದ್ದೇನೆ.