ರೊಟ್ಟಿಗೆ ಜಿಗಿ ಇದೆ, ಬೆಲ್ಲಕ್ಕೆ ಉತ್ತರ ಇಲ್ಲ: ನಮ್ಮೂರಿನ ಒಂದು ಸಿರಿಧಾನ್ಯದ ಅಂಗಡಿ

ಧಾರವಾಡದ ಸಪ್ತಾಪುರದಲ್ಲಿ ನನ್ನದೊಂದು ಖಾನಾವಳಿ ಇದೆ. ಹದಿನಾಲ್ಕು ವರ್ಷ ಆಯಿತು. ಮಧ್ಯಾಹ್ನ ನಲವತ್ತು ಊಟ, ರಾತ್ರಿ ಐವತ್ತು. ಉಣ್ಣುವವರಲ್ಲಿ ಜಾಸ್ತಿ ಜನ ಕೋಚಿಂಗಿಗೆ ಬಂದ ಹುಡುಗರು. ಊಟಕ್ಕೆ ಎರಡು ರೊಟ್ಟಿ ಅಂದರೂ ದಿನಕ್ಕೆ ನೂರಾ ಎಂಬತ್ತು ರೊಟ್ಟಿ ಬಡಿಯಬೇಕು. ಹನ್ನೆರಡು ಕಿಲೋ ಜೋಳದ ಹಿಟ್ಟು ಬೇಕೇ ಬೇಕು. ಹಾಗಾಗಿ ನಾನು ಯಾವ ಅಂಗಡಿಯನ್ನಾದರೂ ನೋಡುವುದು ಹಿಟ್ಟಿನ ಲೆಕ್ಕದಲ್ಲೇ. ಬಾಗಿಲಿಗೆ ತೋರಣ ಕಟ್ಟಿದ್ದಾರಾ, ಗೋಡೆ ಮೇಲೆ ವಾರ್ಲಿ ಚಿತ್ರ ಬರೆಸಿದ್ದಾರಾ ಅನ್ನುವುದು ನನಗೆ ಬೇಡ.

ಒಂದೂವರೆ ವರ್ಷದಿಂದ ಒಂದು ಸಿರಿಧಾನ್ಯದ ಅಂಗಡಿಗೆ ಹೋಗುತ್ತಿದ್ದೇನೆ. ಒಂದು ಸ್ವಯಂಸೇವಾ ಸಂಸ್ಥೆ ನಡೆಸುತ್ತದೆ. ಕುಂದಗೋಳ, ಕಲಘಟಗಿ ಕಡೆಯ ಮಹಿಳಾ ಸಂಘಗಳಿಂದ ಮಾಲು ಬರುತ್ತದೆ. ಅಂಗಡಿಯ ಹೆಸರು ಹಾಕುವುದಿಲ್ಲ. ಯಾಕೆಂದರೆ ಮುಂದೆ ಸ್ವಲ್ಪ ಬೈಯುವುದಿದೆ.

ಮೊದಲು ಜೋಳ. ಇವರಲ್ಲಿ ಸಿಗುವುದು ಹಿಂಗಾರಿ ಮಾಲ್ದಂಡಿ. ಬಿಳಿ ಜೋಳ, ಕಾಳು ದುಂಡಗೆ, ಮುತ್ತಿನ ಹಾಗೆ ಹೊಳಪು. ಬೀಸಿಸಿ ತಂದ ಹಿಟ್ಟಿಗೆ ಎಸರು ಹಾಕಿ ನಾದುವಾಗಲೇ ಗೊತ್ತಾಗುತ್ತದೆ. ಕೈಗೆ ಅಂಟಿ ಅಂಟಿ ಬಿಡುತ್ತದೆ, ಹಿಟ್ಟಿಗೆ ಜಿಗಿ ಇರುತ್ತದೆ. ಬಡಿಯುವಾಗ ಅಂಚು ಒಡೆಯುವುದಿಲ್ಲ. ಹಂಚಿಗೆ ಹಾಕಿ, ಮೇಲೆ ಒದ್ದೆ ಅರಿವೆ ಸವರಿ, ಮಗುಚಿದರೆ ಚೆಂಡಿನ ಹಾಗೆ ಉಬ್ಬುತ್ತದೆ. ಸಂಜೆ ಏಳಕ್ಕೆ ಮಾಡಿದ ರೊಟ್ಟಿ ರಾತ್ರಿ ಹತ್ತಕ್ಕೂ ಮಡಚಿದರೆ ಮುರಿಯುವುದಿಲ್ಲ. ಲೈಬ್ರರಿ ಮುಚ್ಚಿದ ಮೇಲೆ ಬರುವ ಹುಡುಗರಿಗೆ ಇದು ದೊಡ್ಡ ಮಾತು.

ಪೇಟೆಯಲ್ಲಿ ದಲಾಲಿ ಅಂಗಡಿಯಿಂದ ತರುವ ಜೋಳದಲ್ಲಿ ಈ ಭರವಸೆ ಇಲ್ಲ. ಒಂದು ಚೀಲ ಬಂಗಾರ, ಮುಂದಿನ ಚೀಲ ಹಳೆಯದು. ಹಳೆಯ ಜೋಳದ ಹಿಟ್ಟು ಮರಳಿನ ಹಾಗೆ ಉದುರುತ್ತದೆ. ಆ ದಿನ ಗೋಧಿ ಹಿಟ್ಟು ಒಂದು ಹಿಡಿ ಸೇರಿಸಿ ಮಾನ ಉಳಿಸಿಕೊಳ್ಳಬೇಕು. ಅದು ಹುಡುಗರಿಗೆ ಗೊತ್ತಾಗುತ್ತದೆ, ಬಾಯಿ ಬಿಟ್ಟು ಹೇಳುವುದಿಲ್ಲ ಅಷ್ಟೇ.

ಬೆಲೆ? ಪೇಟೆಯಲ್ಲಿ ಕಿಲೋಗೆ 46 ಇದ್ದಾಗ ಇವರದು 58. ಮೊದಲ ಸಲ ಕೇಳಿದಾಗ ನಾನು ಸುಮ್ನೆ ವಾಪಸು ಬಂದೆ. ರಾತ್ರಿ ಮಲಗಿ ಲೆಕ್ಕ ಹಾಕಿದೆ. ಒಂದು ಊಟಕ್ಕೆ ಹೋಗುವುದು ನೂರಾ ಮೂವತ್ತು ಗ್ರಾಂ ಹಿಟ್ಟು. ಕಿಲೋಗೆ ಹನ್ನೆರಡು ರೂಪಾಯಿ ಜಾಸ್ತಿ ಅಂದರೆ ಊಟಕ್ಕೆ ಒಂದೂವರೆ ರೂಪಾಯಿ. ಎಪ್ಪತ್ತು ರೂಪಾಯಿ ಊಟದಲ್ಲಿ ಒಂದೂವರೆ ರೂಪಾಯಿ! ಹಪ್ಪಳದಲ್ಲಿ ಇದಕ್ಕಿಂತ ಜಾಸ್ತಿ ಕಳೆಯುತ್ತೇನೆ. ಮರುದಿನ ಬೆಳಿಗ್ಗೆ ಹೋಗಿ ಒಂದು ಚೀಲ ತಂದೆ.

ರೈತರಿಗೆ ಇದರಲ್ಲಿ ಎಷ್ಟು ಸಿಗುತ್ತದೆ ಅಂತ ಕೇಳಿದ್ದೆ. ಸರ್ಕಾರದ ಬೆಂಬಲ ಬೆಲೆ 2024-25ರಲ್ಲಿ ಹೈಬ್ರಿಡ್ ಜೋಳಕ್ಕೆ ಕ್ವಿಂಟಲಿಗೆ 3,371, ಮಾಲ್ದಂಡಿಗೆ 3,421 ಇತ್ತು. ನಡುವೆ ಬರೀ ಐವತ್ತು ರೂಪಾಯಿ. ಕಿಲೋಗೆ ಎಂಟಾಣೆ. ಮಾಲ್ದಂಡಿ ಇಳುವರಿ ಕಡಿಮೆ, ಎರೆ ಹೊಲದ ಹಸಿಯನ್ನೇ ನಂಬಿ ಚಳಿಗಾಲ ಪೂರ್ತಿ ನಿಲ್ಲುವ ಬೆಳೆ. ಎಂಟಾಣೆಗೆ ಯಾರು ಬೆಳೆಯುತ್ತಾರೆ, ಹೇಳಿ. ಈ ಅಂಗಡಿಯವರು ಸಂಘಕ್ಕೆ ಕಿಲೋಗೆ 45 ಕೊಡುತ್ತಾರಂತೆ. ಕೌಂಟರಿನ ಹಿಂದೆ ಹಲಗೆ ಮೇಲೆ ಸೀಮೆಸುಣ್ಣದಲ್ಲಿ ಬರೆದಿರುತ್ತಾರೆ: ಸಂಘಕ್ಕೆ ಇಷ್ಟು, ಸಾಗಾಟಕ್ಕೆ ಇಷ್ಟು, ಅಂಗಡಿ ಖರ್ಚು ಇಷ್ಟು. ಹೀಗೆ ಲೆಕ್ಕ ಬರೆದಿಟ್ಟ ಕಿರಾಣಿ ಅಂಗಡಿಯನ್ನು ನಾನಂತೂ ನೋಡಿಲ್ಲ.

ತೊಂದರೆ ಏನೆಂದರೆ, ಕೇಳಿದಷ್ಟು ಮಾಲು ಸಿಗುವುದಿಲ್ಲ. ನನಗೆ ತಿಂಗಳಿಗೆ ಮೂರೂವರೆ ಕ್ವಿಂಟಲ್ ಬೇಕು. "ಎರಡರ ಮ್ಯಾಲೆ ಆಗಂಗಿಲ್ರಿ ಅಕ್ಕಾರ, ಉಳಿದವ್ರಿಗೂ ಬೇಕಲ್ರಿ" ಅನ್ನುತ್ತಾಳೆ ಕೌಂಟರಿನ ಹುಡುಗಿ. ಅಕ್ಟೋಬರ್ ಆಗುವಷ್ಟರಲ್ಲಿ ಅದೂ ಖಾಲಿ. ಹೊಸ ಜೋಳ ಬರುವುದು ಸುಗ್ಗಿ ಮುಗಿದ ಮೇಲೆ, ಫೆಬ್ರವರಿ ಕಳೆದು. ನಡುವಿನ ನಾಲ್ಕು ತಿಂಗಳು ಮತ್ತೆ ದಲಾಲಿ ಅಂಗಡಿ, ಮತ್ತೆ ಒಂದು ಹಿಡಿ ಗೋಧಿ ಹಿಟ್ಟು.

ಇನ್ನು ಸಾವೆ ಅಕ್ಕಿ. ಇಲ್ಲಿಯೇ ನನ್ನ ಜಗಳ ಆದದ್ದು.

ಇವರು ಮಾರುವುದು ಪಾಲಿಶ್ ಹೊಡೆಯದ ಸಾವೆ. ನೋಡಲು ಬೂದು ಹಳದಿ. ಸೂಪರ್ ಮಾರ್ಕೆಟ್ಟಿನ ಸಾವೆ ಬೆಳ್ಳಗೆ ಮಿರಿ ಮಿರಿ ಅನ್ನುತ್ತದೆ, ಬೇಗ ಬೇಯುತ್ತದೆ. ಆದರೆ ಅದರ ಮೇಲಿನ ತೌಡು ಹೋಗಿರುತ್ತದೆ. ನಾರು, ಜಿಡ್ಡು, ಸತ್ವ ಎಲ್ಲ ಅದರಲ್ಲೇ ಇರುವುದು. ಬೆಳ್ಳಗೆ ಮಾಡಿ ತಿನ್ನುವುದಾದರೆ ಸೋನಾ ಮಸೂರಿ ಏನು ತಪ್ಪು ಮಾಡಿತ್ತು, ಅಲ್ವಾ? ಆದರೆ ಆ ಜಿಡ್ಡೇ ಕಷ್ಟಕ್ಕೂ ಮೂಲ. ತೌಡು ಇದ್ದ ಸಾವೆ ಬಹಳ ದಿನ ತಾಳುವುದಿಲ್ಲ. ಮುಗ್ಗಲು ವಾಸನೆ ಬರುತ್ತದೆ, ಹುಳ ಬೀಳುತ್ತದೆ.

ಹೋದ ಶ್ರಾವಣದಲ್ಲಿ ಹತ್ತು ಕಿಲೋ ತಂದಿದ್ದೆ. ಶನಿವಾರ ರಾತ್ರಿ ಹುಡುಗರಿಗೆ ಸಾವೆ ಅನ್ನ, ಮೆಂತ್ಯ ಸೊಪ್ಪಿನ ಸಾರು ಮಾಡುತ್ತೇನೆ. ಎರಡನೇ ಶನಿವಾರ ಚೀಲ ಬಿಚ್ಚಿದರೆ ಕಾಳು ಕಾಳಿಗೆ ಬಲೆ ಹೆಣೆದುಕೊಂಡಿದೆ. ಒಳಗೆ ಬಿಳಿ ಹುಳ ಹರಿದಾಡುತ್ತಿವೆ. ಚೀಲ ಹೊತ್ತುಕೊಂಡೇ ಹೋದೆ. ಬಿಲ್ ಇರಲಿಲ್ಲ. ವಾಪಸು ತೆಗೆದುಕೊಳ್ಳುವುದಿಲ್ಲ ಅಂತ ಗ್ಯಾರಂಟಿ ಮಾಡಿಕೊಂಡು, ದಾರಿಯುದ್ದಕ್ಕೂ ಜಗಳಕ್ಕೆ ಮಾತು ಜೋಡಿಸುತ್ತಾ ಹೋಗಿದ್ದೆ.

ಆ ಹುಡುಗಿ ಜಗಳಕ್ಕೇ ಬರಲಿಲ್ಲ. ಚೀಲದ ಮೂಲೆಯಲ್ಲಿ ಪೆನ್ನಿನಿಂದ ಬರೆದ ನಂಬರ್ ನೋಡಿದಳು. ಕೆಂಪು ರಟ್ಟಿನ ವಹಿ ತೆಗೆದಳು. ಯಾವ ಊರು, ಯಾವ ಸಂಘ, ಯಾವ ದಿನ ಮಿಷನ್ನಿಗೆ ಹಾಕಿದ್ದು, ಎಲ್ಲ ಅದರಲ್ಲಿ ಇತ್ತು. ಅಲ್ಲೇ ಫೋನ್ ಹಚ್ಚಿ ಸ್ಪೀಕರ್ ಮಾಡಿದಳು. ಆ ಕಡೆಯಿಂದ ಒಬ್ಬ ಹೆಂಗಸು: "ಹೌದ್ರಿ ಅಕ್ಕಾರ, ಅದು ಆಷಾಢದಾಗ ಮಾಡಿಸಿದ್ದು. ಮಳಿ ಹಿಡಕೊಂಡಿತ್ತು, ಬಿಸಲ ಸಿಗಲಿಲ್ಲ. ನಮ್ದೂ ತಪ್ಪೈತ್ರಿ." ನಾನು ಜೋಡಿಸಿಕೊಂಡು ಹೋದ ಮಾತೆಲ್ಲ ಬಾಯಲ್ಲೇ ಉಳಿಯಿತು. ಬೇರೆ ಚೀಲ ಕೊಟ್ಟರು. ಅದೇ ನಂಬರಿನ ಇನ್ನೂ ಆರು ಚೀಲ ಕಪಾಟಿನಿಂದ ಇಳಿಸಿದರು. ಈಗ ಮಳೆಗಾಲದಲ್ಲಿ ಐದು ಕಿಲೋ ಮೇಲೆ ಕೊಡುವುದಿಲ್ಲ, ವಾರಕ್ಕೊಮ್ಮೆ ಬನ್ನಿ ಅನ್ನುತ್ತಾರೆ. ನನಗೆ ಓಡಾಟ ಜಾಸ್ತಿ ಆಯಿತು, ಆದರೂ ಸರಿ.

ಅದೇ ವಹಿ ಬೆಲ್ಲಕ್ಕೆ ಇಲ್ಲ. ಬೆಲ್ಲದ ಡಬ್ಬಿ ಮೇಲೆ ದೊಡ್ಡದಾಗಿ 'ಸಾವಯವ' ಅಂತ ಇದೆ. ನಂಬರ್ ಇಲ್ಲ, ಊರು ಇಲ್ಲ. ಎಲ್ಲಿಯದು ಅಂತ ಕೇಳಿದರೆ ಅಲ್ಲಿದ್ದ ಮೇಲ್ವಿಚಾರಕರು "ನಂಬಿಕಿ ಮ್ಯಾಲೆ ನಡದೈತ್ರಿ" ಅಂದರು. ನಂಬಿಕೆ ಮೇಲೆ ನಡೆಯುವುದಾದರೆ ನಮ್ಮ ಓಣಿಯ ಕಿರಾಣಿ ಅಂಗಡಿಯವನೇ ಸಾಕಲ್ಲ, ಉದ್ರಿಯಾದರೂ ಕೊಡುತ್ತಾನೆ! ಕಿಲೋಗೆ 110 ಬೇರೆ. ನಾನು ತೆಗೆದುಕೊಂಡಿಲ್ಲ, ನೀವೂ ತೆಗೆದುಕೊಳ್ಳಬೇಡಿ.

ಸಾವಯವ ಅಂತ ಬರೆಯಲು ನಿಯಮ ಇದೆ. ಅದನ್ನು ಇದೇ ಅಂಗಡಿಯವರೇ ನನಗೆ ಹೇಳಿಕೊಟ್ಟದ್ದು, ಅದಕ್ಕೇ ಸಿಟ್ಟು ಜಾಸ್ತಿ. ಹೊರಗಿನ ಕಂಪನಿಯಿಂದ ಸರ್ಟಿಫಿಕೇಟ್ ಮಾಡಿಸುವುದು ಎರಡು ಎಕರೆ ರೈತರಿಗೆ ಆಗದ ಖರ್ಚು. ಅದಕ್ಕೇ ಪಿಜಿಎಸ್ ಅಂತ ಒಂದು ಪದ್ಧತಿ. ಕನಿಷ್ಠ ಐದು ಜನ ರೈತರು ಗುಂಪು ಕಟ್ಟಿಕೊಂಡು ಒಬ್ಬರ ಹೊಲ ಇನ್ನೊಬ್ಬರು ನೋಡಿ ಖಾತರಿ ಕೊಡಬೇಕು. ಪಕ್ಕದ ಹೊಲದವನ ಕಣ್ಣು ತಪ್ಪಿಸಿ ಔಷಧ ಹೊಡೆಯುವುದು ಅಷ್ಟು ಸುಲಭ ಅಲ್ಲ, ಹಳ್ಳಿಯಲ್ಲಿ ಬೆಳೆದವರಿಗೆ ಇದು ಗೊತ್ತು. ಮೊದಲು ಸಂಘ ಸಂಸ್ಥೆಗಳು ನಡೆಸುತ್ತಿದ್ದ ಪದ್ಧತಿ ಇದು. ಆಮೇಲೆ ಸರ್ಕಾರವೂ ಪಿಜಿಎಸ್-ಇಂಡಿಯಾ ಅಂತ ಶುರು ಮಾಡಿತು. 2017ರಲ್ಲಿ ಆಹಾರ ಸುರಕ್ಷತೆ ನೋಡಿಕೊಳ್ಳುವ ಸರ್ಕಾರಿ ಸಂಸ್ಥೆ ಎಫ್‌ಎಸ್‌ಎಸ್‌ಎಐ ಸಾವಯವ ಆಹಾರಕ್ಕೆ ನಿಯಮ ತಂದಾಗ ಇದನ್ನೂ ಒಪ್ಪಿಕೊಂಡಿತು. ಇಷ್ಟೆಲ್ಲ ಪಾಠ ಮಾಡಿದವರು ಬೆಲ್ಲದ ಡಬ್ಬಿಗೆ ಬರೀ ಸ್ಟಿಕರ್ ಹಚ್ಚಿದರೆ ಹೇಗೆ?

ಪಾಠದ ಮಾತು ಬಂತು. ನಮ್ಮಲ್ಲಿ ಉಣ್ಣುವ ಹುಡುಗರು ತಟ್ಟೆ ಮುಂದೆಯೂ ಓದುತ್ತಾರೆ. "ಸುಸ್ಥಿರ ಅಭಿವೃದ್ಧಿ ಗುರಿ ಎಷ್ಟು?" "ಹದಿನೇಳು." "ಎರಡನೇದು?" "ಹಸಿವು ಮುಕ್ತ." "ಯಾವಾಗ ಒಪ್ಪಿದ್ದು?" "2015." "ಎಷ್ಟರೊಳಗೆ?" "2030." ರೊಟ್ಟಿ ಹಾಕುತ್ತಾ ಹಾಕುತ್ತಾ ನನಗೂ ಬಾಯಿಪಾಠ ಆಗಿದೆ. ಒಂದು ದಿನ ಒಬ್ಬ ಕೇಳಿದ, "ಅಕ್ಕಾರ, ಆಹಾರ ನೀತಿಯಲ್ಲಿ ನಾಗರಿಕ ಸಮಾಜದ ಪಾತ್ರ ಅಂತ ಹತ್ತು ಮಾರ್ಕಿನ ಪ್ರಶ್ನಿ ಐತ್ರಿ. ನಾಗರಿಕ ಸಮಾಜ ಅಂದ್ರ ಯಾರ್ರಿ?" ಮೊದಲು ತಟ್ಟೆ ತೊಳೆದಿಡು, ಆಮೇಲೆ ನಾಗರಿಕ ಅಂದೆ.

ಆದರೆ ಆ ಹುಡುಗನೇ ತನ್ನ ನೋಟ್ಸಿನಿಂದ ಓದಿ ಹೇಳಿದ ಒಂದು ವಿಷಯ ತಲೆಯಲ್ಲಿ ಕೂತಿತು. 2001ರಲ್ಲಿ ರಾಜಸ್ಥಾನದಲ್ಲಿ ಬರ. ಜನ ಹಸಿದಿದ್ದರು, ಸರ್ಕಾರದ ಗೋದಾಮುಗಳಲ್ಲಿ ಧಾನ್ಯ ತುಂಬಿ ತುಳುಕುತ್ತಿತ್ತು. ಪಿಯುಸಿಎಲ್ ಅನ್ನುವ ನಾಗರಿಕ ಹಕ್ಕುಗಳ ಸಂಘಟನೆ ಸುಪ್ರೀಂ ಕೋರ್ಟಿಗೆ ಹೋಯಿತು. ಅದೇ ವರ್ಷ ನವೆಂಬರ್ 28ಕ್ಕೆ ಕೋರ್ಟ್ ಹೇಳಿತು: ಸರ್ಕಾರಿ ಶಾಲೆ ಮಕ್ಕಳಿಗೆ ಹಸಿ ಅಕ್ಕಿ ಕೊಟ್ಟು ಕಳಿಸಬೇಡಿ, ಬೇಯಿಸಿದ ಊಟ ಹಾಕಿ. ನಮ್ಮ ರಾಜ್ಯದಲ್ಲಿ ಅಕ್ಷರ ದಾಸೋಹ ಶುರುವಾದದ್ದು ಅದರ ಮರುವರ್ಷ. ನಮ್ಮ ಅಕ್ಕ ಊರ ಶಾಲೆಯಲ್ಲಿ ಬಿಸಿಯೂಟ ಮಾಡುತ್ತಾಳೆ. ಆ ಒಲೆಯ ಹಿಂದೆ ಒಂದು ಕೇಸ್ ಇತ್ತು ಅಂತ ಅವಳಿಗೂ ಗೊತ್ತಿರಲಿಲ್ಲ, ನನಗೂ ಗೊತ್ತಿರಲಿಲ್ಲ.

ಬದನೆಕಾಯಿಯದೂ ಒಂದು ಕಥೆ ಇದೆ. ಈ ಅಂಗಡಿಯಲ್ಲಿ ಗುರುವಾರ ತರಕಾರಿ ಬರುತ್ತದೆ. ಮುಳ್ಳಿನ ಬದನೆಕಾಯಿ ಚೆನ್ನಾಗಿರುತ್ತದೆ, ಎಣ್ಣೆಗಾಯಿಗೆ ಹೇಳಿ ಮಾಡಿಸಿದ ಹಾಗೆ. ನಾಲ್ಕಕ್ಕೆ ಒಂದರಲ್ಲಿ ಹುಳ ಇರುತ್ತದೆ, ಸೀಳಿ ನೋಡಿಯೇ ತುಂಬಬೇಕು. ಆ ಹುಳಕ್ಕೆ ಅಂತಲೇ, ಹುಳ ಕೊಲ್ಲುವ ಜೀನ್ ಸೇರಿಸಿ ಬಿಟಿ ಬದನೆ ಮಾಡಿದ್ದರು. ನಮ್ಮ ಧಾರವಾಡದ ಕೃಷಿ ವಿಶ್ವವಿದ್ಯಾಲಯವೂ ಅದರಲ್ಲಿ ಇತ್ತು, ನಮ್ಮದೇ ನಾಟಿ ತಳಿಗಳಿಗೆ ಆ ಜೀನ್ ಸೇರಿಸಿದ್ದರು. 2009ರ ಅಕ್ಟೋಬರಿನಲ್ಲಿ ತಜ್ಞರ ಸಮಿತಿ ಒಪ್ಪಿಗೆಯನ್ನೂ ಕೊಟ್ಟಿತು. ರೈತ ಸಂಘಟನೆಗಳು, ಪರಿಸರದವರು ಬಿಡಲಿಲ್ಲ. ಆಗಿನ ಪರಿಸರ ಮಂತ್ರಿ ಜೈರಾಂ ರಮೇಶ್ ಏಳು ಊರುಗಳಲ್ಲಿ ಕೂತು ಜನರ ಮಾತು ಕೇಳಿದರು. ಬೆಂಗಳೂರಿನಲ್ಲೂ ಕೂತಿದ್ದರು. 2010ರ ಫೆಬ್ರವರಿ 9ಕ್ಕೆ ತಡೆ ಹಾಕಿದರು. ಅದು ಸರಿಯೋ ತಪ್ಪೋ ಅಂತ ಹೇಳುವಷ್ಟು ವಿಜ್ಞಾನ ನನಗೆ ಬರುವುದಿಲ್ಲ. ಬದನೆಕಾಯಿ ಬೇಯಿಸುವವರನ್ನೂ ಬೆಳೆಯುವವರನ್ನೂ ಕೂರಿಸಿ ಕೇಳಿದರಲ್ಲ, ಅಷ್ಟು ಸಾಕು ನನಗೆ. ಹುಳ ನಾನು ತೆಗೆದುಕೊಳ್ಳುತ್ತೇನೆ.

ಅಂಗಡಿಗೆ ಬರುವವರನ್ನು ನೋಡಿದರೆ ಮಾತ್ರ ಮನಸ್ಸಿಗೆ ಸರಿ ಅನ್ನಿಸುವುದಿಲ್ಲ. ಕಾರಿನವರೇ ಜಾಸ್ತಿ. ಶುಗರ್ ಬಂದವರು, ಡಾಕ್ಟರ್ ಹೇಳಿ ಕಳಿಸಿದವರು. ನನ್ನ ಜೊತೆ ರೊಟ್ಟಿ ಬಡಿಯುವ ಇಬ್ಬರಲ್ಲಿ ಒಬ್ಬಳೂ ಅಲ್ಲಿಂದ ಒಂದು ಕಿಲೋ ತಂದಿಲ್ಲ. ಅವರಿಗೆ ರೇಷನ್ ಅಕ್ಕಿ ಇದೆ. 2013ರ ಆಹಾರ ಭದ್ರತಾ ಕಾಯ್ದೆಯಲ್ಲೇ ಅಕ್ಕಿಗೆ ಮೂರು, ಗೋಧಿಗೆ ಎರಡು, 'ಒರಟು ಧಾನ್ಯ'ಕ್ಕೆ ಒಂದು ರೂಪಾಯಿ ಅಂತ ಬರೆದಿತ್ತು. ಸಿರಿಧಾನ್ಯವನ್ನೂ ರೇಷನ್ನಿಗೆ ಸೇರಿಸಿ ಅಂತ ಸಂಘಟನೆಗಳು ಬೆನ್ನು ಹತ್ತಿದ್ದರ ಫಲ ಅದು. 2018ರಲ್ಲಿ 'ಒರಟು' ಅನ್ನುವ ಹೆಸರನ್ನೂ ತೆಗೆದರು, ಪೌಷ್ಟಿಕ ಧಾನ್ಯ ಆಯಿತು. 2023 ಅಂತೂ ವಿಶ್ವಸಂಸ್ಥೆಯ ಸಿರಿಧಾನ್ಯ ವರ್ಷ. ಹೆಸರು ಬದಲಾಯಿತು, ಆದರೆ ನಮ್ಮ ಹೆಂಗಸರ ಚೀಲದಲ್ಲಿ ಈಗಲೂ ಜಾಸ್ತಿ ಅಕ್ಕಿಯೇ. ಯಾವಾಗಲೋ ಒಮ್ಮೆ ಜೋಳ ಬಂದರೆ ಅದಕ್ಕೆ ಜಿಗಿ ಇಲ್ಲ, ಗಂಜಿಗೆ ಸರಿ.

ಇದನ್ನು ಕೌಂಟರಿನ ಹುಡುಗಿಗೆ ಹೇಳಿದೆ. ಅವಳು ಗೋಡೆ ಮೇಲಿನ ಪೇಪರ್ ಕಟಿಂಗ್ ತೋರಿಸಿದಳು. ನಮ್ಮ ಕುಂದಗೋಳ ತಾಲೂಕಿನ ತೀರ್ಥ ಗ್ರಾಮದ ಬೀಬಿ ಫಾತಿಮಾ ಸ್ವಸಹಾಯ ಸಂಘಕ್ಕೆ 2025ರಲ್ಲಿ ವಿಶ್ವಸಂಸ್ಥೆಯ ಈಕ್ವೇಟರ್ ಪ್ರಶಸ್ತಿ ಬಂತಲ್ಲ, ಅದರ ಸುದ್ದಿ. ಸಹಜ ಸಮೃದ್ಧ ಸಂಸ್ಥೆ ಬೆನ್ನಿಗೆ ನಿಂತು, ಹೆಂಗಸರು ಬೀಜ ಬ್ಯಾಂಕ್ ಕಟ್ಟಿದರು, ಸಿರಿಧಾನ್ಯ ಹದ ಮಾಡುವ ಮಿಷನ್ ಕೂರಿಸಿದರು. ಊರಲ್ಲೇ ಮಿಷನ್ ಇದ್ದರೆ ಊರವರೂ ತಿನ್ನುತ್ತಾರೆ ಅನ್ನುವುದು ಅವಳ ಮಾತು. ಅದು ಖರೆ. ಸಾವೆಯ ಸಿಪ್ಪೆ ಬಿಡಿಸಲು ಒರಳಿನಲ್ಲಿ ಕುಟ್ಟಿ ಕುಟ್ಟಿ ನಮ್ಮವ್ವನ ಅಂಗೈ ದಡ್ಡುಗಟ್ಟಿತ್ತು. ಮನೆಯಲ್ಲಿ ಸಾವೆ ಬಿಟ್ಟದ್ದು ರುಚಿ ಇಲ್ಲ ಅಂತ ಅಲ್ಲ, ಕುಟ್ಟಲು ಆಗದೆ. ಆದರೆ ಇದು ಊರಲ್ಲಿ ಹೊಲ ಇದ್ದವರ ಮಾತಾಯಿತು. ನನ್ನ ಜೊತೆಯವರಿಗೆ ಧಾರವಾಡದಲ್ಲಿ ಬಾಡಿಗೆ ಮನೆ ಬಿಟ್ಟರೆ ಬೇರೇನೂ ಇಲ್ಲ. ಅದಕ್ಕೆ ಅವಳಲ್ಲಿ ಉತ್ತರ ಇರಲಿಲ್ಲ. ಮುಂದಿನ ವಾರ ನೋಡಿದರೆ ಒಡೆದ ಸಾವೆ ನುಚ್ಚಿನ ಚೀಲ ಬೇರೆ ಇಟ್ಟಿದ್ದಳು, ಕಿಲೋಗೆ 40. ರೇಷನ್ ಕಾರ್ಡ್ ತೋರಿಸಿದವರಿಗೆ ಮಾತ್ರ ಅಂತ ಚೀಟಿ ಅಂಟಿಸಿದ್ದಳು. ನಮ್ಮವರು ಇಬ್ಬರೂ ಎರಡೆರಡು ಕಿಲೋ ತಂದರು. ಒಬ್ಬಳು ಉಪ್ಪಿಟ್ಟು ಮಾಡಿ ಡಬ್ಬಿಯಲ್ಲಿ ತಂದಿದ್ದಳು. ಸ್ವಲ್ಪ ಮುದ್ದೆ ಆಗಿತ್ತು, ನೀರು ಜಾಸ್ತಿ ಹಾಕಿದ್ದಾಳೆ.

ಹೋಗುವವರಿಗೆ: ಸೋಮವಾರ ರಜೆ. ಮಧ್ಯಾಹ್ನ ಒಂದೂವರೆಗೆ ಬಾಗಿಲು ಹಾಕಿ ನಾಲ್ಕಕ್ಕೆ ತೆಗೆಯುತ್ತಾರೆ. ಕೈಚೀಲ ಒಯ್ಯಿರಿ, ಅವರ ಕಾಗದದ ಚೀಲ ಮಳೆಯಲ್ಲಿ ಹರಿಯುತ್ತದೆ. ನವಣೆಯಲ್ಲಿ ಸಣ್ಣ ಕಲ್ಲು ಇರುತ್ತವೆ, ಜಾಲಿಸಿಯೇ ಇಡಿ. ನಮ್ಮ ಹುಡುಗನೊಬ್ಬನ ಹಲ್ಲು ಚೂರು ಮುರಿದು ನಾನು ಮೂರು ದಿನ ಪುಕ್ಕಟೆ ಊಟ ಹಾಕಿದ್ದೇನೆ. ಮಾಲ್ದಂಡಿ ಬೇಕಾದವರು ಜನವರಿಯಲ್ಲೇ ವಹಿಯಲ್ಲಿ ಹೆಸರು ಬರೆಸಿ. ಮೊದಲ ಎರಡು ಕ್ವಿಂಟಲ್ ನನ್ನದು, ಬರೆಸಿ ಆಗಿದೆ.