ಗ್ಯಾಸ್ಕೆಟ್ ಬದಲಿಸಿದರೆ ಸಾಲದು, ಹೆಡ್ ಅಳತೆ ಮಾಡಿಸಿ

ಕಾರಿನ ಹೆಡ್ ಗ್ಯಾಸ್ಕೆಟ್ (ಇಂಜಿನ್ನಿನ ಮೇಲ್ಭಾಗವಾದ ಹೆಡ್ ಮತ್ತು ಕೆಳಗಿನ ಬ್ಲಾಕ್ ನಡುವಿನ ತೆಳು ಪದರ) ಹೋಗಿದೆ ಅಂತ ಗ್ಯಾರೇಜಿನವರು ಹೇಳಿದರೆ, ಕೆಲಸಕ್ಕೆ ಒಪ್ಪುವ ಮೊದಲು ಒಂದು ಮಾತು ಕೇಳಿ: "ಹೆಡ್ ಲೇತ್‌ಗೆ ಕಳಿಸ್ತೀರಾ?" ಲೇತ್ ಅಂದರೆ ಹೆಡ್ಡನ್ನು ಅಳೆದು ಸಮ ಮಾಡಿಕೊಡುವ ವರ್ಕ್‌ಶಾಪ್. ಅದೆಲ್ಲ ಬೇಕಾಗಲ್ಲ ಅಂದರೆ ಅಲ್ಲಿ ಇಂಜಿನ್ ಬಿಚ್ಚಿಸಬೇಡಿ. ಈ ಒಂದು ಕೆಲಸ ಬಿಟ್ಟಿದ್ದರಿಂದ ನಮ್ಮ ಕಾರಿನ ಹೆಡ್ಡನ್ನು ಎರಡನೇ ಸಲ ಇಳಿಸಬೇಕಾಯಿತು. ಎರಡೂ ಸಲ ದುಡ್ಡು ಕೊಟ್ಟವರು ನಾವೇ.

ಅಮ್ಮನನ್ನು ಮಂಗಳೂರಿನ ಆಸ್ಪತ್ರೆಗೆ ತೋರಿಸಿ, ಚಾರ್ಮಾಡಿ ಘಾಟಿ ಹತ್ತಿ ವಾಪಸ್ ಬರುತ್ತಿದ್ದೆವು. ಕೊಟ್ಟಿಗೆಹಾರ ಇನ್ನೂ ದೂರ ಇತ್ತು. ಟೆಂಪರೇಚರ್ ಮುಳ್ಳು ಏಕ್‌ದಂ ಮೇಲೇರಿತು. ಕೂಡಲೇ ಪಕ್ಕಕ್ಕೆ ನಿಲ್ಲಿಸಿ ಇಂಜಿನ್ ಆಫ್ ಮಾಡಿದೆ. ರೇಡಿಯೇಟರ್ ಹೋಸ್ ಒಡೆದು, ಇಂಜಿನ್ ತಣ್ಣಗಿಡುವ ಕೂಲಂಟ್ ಎಲ್ಲ ರಸ್ತೆಗೆ ಸುರಿದಿತ್ತು. ಟೋ ಮಾಡಿಸಿ ಚಿಕ್ಕಮಗಳೂರಿನ ಒಂದು ಗ್ಯಾರೇಜಿಗೆ ತಂದೆವು. ಗ್ಯಾಸ್ಕೆಟ್ ಹೋಗಿದೆ ಅಂದರು, ಅದು ನಿಜವೇ. ಬೆಳಿಗ್ಗೆ ಬಿಚ್ಚಿದವರು ಸಂಜೆಗೆಲ್ಲ ಕಾರು ಕೈಗೆ ಕೊಟ್ಟರು. ಲೇತ್‌ಗೆ ಕಳಿಸಿ ಸರಿಯಾಗಿ ಮಾಡಿದರೆ ಅಷ್ಟು ಬೇಗ ಮುಗಿಯುವುದು ಕಷ್ಟ.

ವಿಷಯ ಏನೆಂದರೆ, ಈಗಿನ ಕಾರುಗಳ ಹೆಡ್ ಅಲ್ಯೂಮಿನಿಯಂನದು. ಅತಿಯಾಗಿ ಕಾದರೆ ಅದು ಸೊಟ್ಟಗಾಗುತ್ತದೆ. ಕಣ್ಣಿಗೆ ಕಾಣುವುದಿಲ್ಲ. ಎಷ್ಟೋ ಇಂಜಿನ್‌ಗಳಲ್ಲಿ 0.05 ಮಿಲಿಮೀಟರ್‌ಗಿಂತ ಜಾಸ್ತಿ ಸೊಟ್ಟ ಇದ್ದರೆ ಹಾಗೇ ಕೂರಿಸುವಂತಿಲ್ಲ. ಅಂದರೆ ಒಂದು ಕೂದಲೆಳೆಯಷ್ಟು! ಸಿಲಿಂಡರಿನ ಒತ್ತಡ, ಆಯಿಲ್, ಕೂಲಂಟ್ ಮೂರೂ ಒಂದಕ್ಕೊಂದು ಬೆರೆಯದಂತೆ ತಡೆಯುವುದು ಆ ತೆಳು ಗ್ಯಾಸ್ಕೆಟ್. ಮೇಲಿನ ಹೆಡ್ಡೇ ಸಮ ಇಲ್ಲದಿದ್ದರೆ ಹೊಸ ಗ್ಯಾಸ್ಕೆಟ್ ಎಷ್ಟು ದಿನ ತಡೆದೀತು?

ನಮ್ಮದು ತಡೆಯಲಿಲ್ಲ. ಎಲ್ಲೂ ಸೋರಿಕೆ ಕಾಣದಿದ್ದರೂ ಕೂಲಂಟ್ ಕಡಿಮೆಯಾಗುತ್ತಾ ಬಂತು. ಬೆಳಿಗ್ಗೆ ಸ್ಟಾರ್ಟ್ ಮಾಡಿದ ಸ್ವಲ್ಪ ಹೊತ್ತಿಗೇ, ಇಂಜಿನ್ ಕಾಯುವ ಮೊದಲೇ, ಮೇಲಿನ ಹೋಸ್ ಕಲ್ಲಿನಂತೆ ಗಟ್ಟಿಯಾಗುತ್ತಿತ್ತು. ಕೂಲಂಟ್ ಟ್ಯಾಂಕಿನಲ್ಲಿ ಗುಳ್ಳೆ. ಸೈಲೆನ್ಸರಿನಿಂದ ಬಿಳಿ ಹೊಗೆ. ನಮ್ಮ ಮಲೆನಾಡಿನ ಚಳಿಯಲ್ಲಿ ಬೆಳಿಗ್ಗೆ ಸ್ವಲ್ಪ ಬಿಳಿ ಹೊಗೆ ಸಹಜ, ಅದಕ್ಕೆ ಹೆದರಬೇಡಿ. ಇಂಜಿನ್ ಚೆನ್ನಾಗಿ ಕಾದ ಮೇಲೂ ನಿಲ್ಲದೆ, ಸಿಹಿ ವಾಸನೆ ಬಂದರೆ ಹೆದರಿ. ಆಯಿಲ್ ಮುಚ್ಚಳ ತೆಗೆದು ನೋಡಿದಾಗ ಹಾಲು ಕಾಫಿ ಬಣ್ಣ ಕಂಡರಂತೂ ಕಾರು ಓಡಿಸಲೇಬೇಡಿ.

ಅದೇ ಗ್ಯಾರೇಜಿಗೆ ಹೋದೆ. "ಘಾಟಿಲಿ ಎಳೆದ್ರೆ ಹೀಟ್ ಆಗೇ ಆಗುತ್ತೆ ಸಾರ್, ಏನೂ ಆಗಲ್ಲ" ಅಂದರು. ಕೂಲಂಟ್ ಹರಿವನ್ನು ಹಿಡಿದಿಡುವ ಥರ್ಮೋಸ್ಟಾಟ್ ವಾಲ್ವ್ ಕಿತ್ತು ಹಾಕಿ, ಸೋರಿಕೆ ನಿಲ್ಲಿಸುವ ಪುಡಿ ಹಾಕಿ, ಬೋರ್‌ವೆಲ್ ನೀರು ತುಂಬಿಸಿ ಕಳಿಸಿದರು. ಈ ಮೂರರಲ್ಲಿ ಒಂದೂ ರಿಪೇರಿ ಅಲ್ಲ. ವಾಲ್ವ್ ಇಲ್ಲದಿದ್ದರೆ ಇಂಜಿನ್ ಬೇಕಾದಷ್ಟು ಬಿಸಿಯಾಗಲು ಜಾಸ್ತಿ ಹೊತ್ತು ಬೇಕು, ಪೆಟ್ರೋಲೂ ಜಾಸ್ತಿ ಕುಡಿಯುತ್ತದೆ. ಆ ಪುಡಿ, ಅಥವಾ ಕೆಲವರು ಹಾಕುವ ಅರಿಶಿನ, ರೇಡಿಯೇಟರಿನ ಸಣ್ಣ ಕೊಳವೆಗಳಲ್ಲೂ ಕಟ್ಟಿಕೊಳ್ಳುತ್ತದೆ. ಗಡಸು ನೀರಿನಿಂದ ಒಳಗೆಲ್ಲ ಸುಣ್ಣದ ಪದರ.

ಕೊನೆಗೆ ಕಾರು ನಿಂತದ್ದು ಘಾಟಿಯಲ್ಲಲ್ಲ, ಬೇಲೂರು ದಾಟಿ ಹಾಸನದ ಕಡೆ ಹೋಗುವ ರಸ್ತೆಯಲ್ಲಿ. ಹಾಸನದ ಗ್ಯಾರೇಜಿನಲ್ಲಿ ವಯಸ್ಸಾದ ಮೆಕ್ಯಾನಿಕ್ ಒಬ್ಬರು ನನ್ನ ಎದುರಿಗೇ ಹೆಡ್ ಇಳಿಸಿದರು. ಅದರ ಮೇಲೆ ನೇರ ಪಟ್ಟಿ ಇಟ್ಟು, ಅಡಿಯಲ್ಲಿ ಫೀಲರ್ ಗೇಜ್ (ಸಂದಿ ಅಳೆಯುವ ತೆಳು ಲೋಹದ ಪಟ್ಟಿ) ತೂರಿಸಿ ತೋರಿಸಿದರು. ಮಧ್ಯದಲ್ಲಿ ಸಲೀಸಾಗಿ ಒಳಗೆ ಹೋಯಿತು. ಬೋಲ್ಟುಗಳೂ ಹಳೆಯವೇ. ನಮ್ಮ ಇಂಜಿನ್‌ನಲ್ಲಿ ಅವು ಬಿಗಿದಾಗ ಹಿಗ್ಗುವಂಥವು, ಒಮ್ಮೆ ಬಿಚ್ಚಿದರೆ ಹೊಸತೇ ಹಾಕಬೇಕು. ಇವರು ಹೆಡ್ಡನ್ನು ಲೇತ್‌ಗೆ ಕಳಿಸಿ, ಬಿರುಕು ಇದೆಯಾ ಅಂತ ಪರೀಕ್ಷೆ ಮಾಡಿಸಿ, ಫೇಸಿಂಗ್, ಅಂದರೆ ಮೇಲ್ಮೈ ಸಮ ಮಾಡಿಸಿದರು. ಹೊಸ ಬೋಲ್ಟ್, ಹೊಸ ಥರ್ಮೋಸ್ಟಾಟ್ ವಾಲ್ವ್, ಬಿಗಿತ ಅಳೆಯುವ ಟಾರ್ಕ್ ರೆಂಚ್ ಹಿಡಿದು ಕಂಪನಿ ಹೇಳಿದ ಕ್ರಮದಲ್ಲೇ ಬಿಗಿತ. ಈಗ ಕೂಲಂಟ್ ಮಟ್ಟ ಇಳಿದಿಲ್ಲ.

ದಾರಿಯಲ್ಲಿ ಮುಳ್ಳು ಮೇಲೇರಿದರೆ ಎಸಿ ಆಫ್ ಮಾಡಿ, ಹೀಟರ್ ಪೂರ್ತಿ ಹಾಕಿ, ನಿಲ್ಲಿಸಲು ಜಾಗ ಸಿಕ್ಕ ಕೂಡಲೇ ನಿಲ್ಲಿಸಿ. ಮುಂದಿನ ಊರಿನ ತನಕ ಎಳೆಯೋಣ ಅನ್ನಬೇಡಿ. ಬಿಸಿ ಇರುವಾಗ ರೇಡಿಯೇಟರ್ ಮುಚ್ಚಳ ಮುಟ್ಟಲೇಬೇಡಿ, ಕುದಿಯುವ ನೀರು ಮುಖಕ್ಕೆ ಚಿಮ್ಮುತ್ತದೆ. ಕಾದ ಇಂಜಿನ್ನಿಗೆ ತಣ್ಣೀರು ಸುರಿದರೆ ಹೆಡ್ ಬಿರುಕು ಬಿಡಬಹುದು. ಇನ್ನೊಂದು, ಮುಳ್ಳು ಕೆಳಗಿಳಿದರೂ ನಂಬಬೇಡಿ. ಕೂಲಂಟ್ ಪೂರ್ತಿ ಖಾಲಿಯಾದರೆ ಸೆನ್ಸರ್ ಸುತ್ತ ನೀರೇ ಇರುವುದಿಲ್ಲ, ಆಗ ಮೀಟರ್ ತಪ್ಪು ತೋರಿಸಬಹುದು.

ಮೊದಲ ಗ್ಯಾರೇಜಿನವರು ಕೊಟ್ಟದ್ದು ಒಟ್ಟು ಮೊತ್ತ ಬರೆದ ಚೀಟಿ ಮಾತ್ರ. ಕೇಳಿದರೂ ಬಿಲ್ ಕೊಡಲಿಲ್ಲ. ನೀವು ಇಂಜಿನ್ ಬಿಚ್ಚುವ ಮೊದಲೇ ಈ ಮಾತು ಇತ್ಯರ್ಥ ಮಾಡಿಕೊಳ್ಳಿ. ಫೇಸಿಂಗ್, ಬೋಲ್ಟ್, ಗ್ಯಾಸ್ಕೆಟ್, ಕೂಲಂಟ್ ಎಲ್ಲ ಬಿಲ್ಲಿನಲ್ಲಿ ಬೇರೆ ಬೇರೆ ಬರೆಸಿ. ಹಳೆಯ ಗ್ಯಾಸ್ಕೆಟ್, ಬೋಲ್ಟ್ ಕೇಳಿ ಮನೆಗೆ ತನ್ನಿ. ಕೆಲಸ ಕೆಟ್ಟರೆ ಜಿಲ್ಲಾ ಗ್ರಾಹಕರ ಆಯೋಗಕ್ಕೆ ದೂರು ಕೊಡಲು 2 ವರ್ಷ ಸಮಯ ಇದೆ. ಅದಕ್ಕೂ ಮೊದಲು 1915 ಗ್ರಾಹಕ ಸಹಾಯವಾಣಿಗೆ ಫೋನ್ ಮಾಡಿ ಕೇಳಬಹುದು.