ಬಾಡಿಗೆದಾರರನ್ನು ಹುಡುಕಿಕೊಡಲಿ, ವಸೂಲಿ ಬೇಡ: ದಾವಣಗೆರೆಯ ಒಬ್ಬ ಬ್ರೋಕರ್ ಬಗ್ಗೆ

ಬ್ರೋಕರ್‌ಗೆ ಕೊಟ್ಟ ಒಂದು ತಿಂಗಳ ಬಾಡಿಗೆ, ಅಂದ್ರೆ 9,000 ರೂಪಾಯಿ, ದಂಡ ಅಂತ ನನಗೆ ಅನ್ನಿಸಲಿಲ್ಲ. ಹೆಸರು ಹಾಕುವುದಿಲ್ಲ. ವಿದ್ಯಾನಗರದ ಕಡೆ ಸಣ್ಣ ಅಂಗಡಿ, ಎರಡು ಪ್ಲಾಸ್ಟಿಕ್ ಕುರ್ಚಿ, ಒಂದು ಉದ್ದ ಲೆಕ್ಕದ ಪುಸ್ತಕ. ಇಂಥವರು ನಮ್ಮೂರಲ್ಲಿ ಬೇಕಾದಷ್ಟು ಜನ ಇದ್ದಾರೆ.

ನಿಟುವಳ್ಳಿಯಲ್ಲಿ ನಮ್ಮ ಮನೆಯ ಮೇಲೆ ಡಬಲ್ ಬೆಡ್‌ರೂಮ್ ಕಟ್ಟಿಸಿದ್ದೆವು. ಬರೀ ಬಾಡಿಗೆದಾರ ಬೇಕು ಅಂದ್ರೆ ಗೇಟಿಗೆ ಬೋರ್ಡ್ ನೇತುಹಾಕಿದರೂ ಸಾಕು. ಮೆಡಿಕಲ್, ಇಂಜಿನಿಯರಿಂಗ್ ಕಾಲೇಜುಗಳಿರುವ ಊರು, ಕೇಳಿಕೊಂಡು ಬರುವವರಿಗೆ ಬರ ಇಲ್ಲ. ಈ ಅಣ್ಣಾರು ದುಡ್ಡಿಗೆ ತಕ್ಕ ಕೆಲಸ ಮಾಡಿದ್ದು ಬೇರೆ ಕಡೆ.

ಮನೆ ನೋಡಲು ಬಂದ ಬ್ರೋಕರ್ ರೂಮು, ಹಾಲ್ ನೋಡಲೇ ಇಲ್ಲ. ಸೀದಾ ಮೆಟ್ಟಿಲ ಕೆಳಗೆ ಬಗ್ಗಿದರು. "ಅಕ್ಕಾ, ಮೇಲಿಂದಕ್ಕೆ ಬೇರೆ ಮೀಟರ್ ಇದೆಯಾ?" ಇತ್ತು. ಕರೆಂಟ್ ಬಿಲ್ಲಿನ ಆರ್‌ಆರ್ ನಂಬರ್ ಬರೆದುಕೊಂಡು, ರೀಡಿಂಗ್ ಫೋಟೋ ತೆಗೆದರು. ಉಚಿತ ಕರೆಂಟಿನ ಗೃಹಜ್ಯೋತಿ ಯೋಜನೆ ಬಂದ ಮೇಲೆ ಬಾಡಿಗೆದಾರರು ಮೊದಲು ಕೇಳುವುದೇ ಇದನ್ನಂತೆ. ಒಂದೇ ಮೀಟರ್‌ನಲ್ಲಿ ಎರಡು ಸಂಸಾರ ಇದ್ದರೆ 200 ಯೂನಿಟ್ ದಾಟುವುದು ಸುಲಭ, ದಾಟಿದರೆ ಪೂರ್ತಿ ಬಿಲ್ ಕಟ್ಟಬೇಕು. ಆಮೇಲೆ ಮೇಲಿನವರು ಕೆಳಗಿನವರ ಫ್ರಿಜ್ ಲೆಕ್ಕ ಹಾಕುತ್ತಾ ಕೂರುತ್ತಾರೆ. ಹಳಬರು ಖಾಲಿ ಮಾಡುವಾಗ ಆ ಆರ್‌ಆರ್ ನಂಬರಿನಿಂದ ತಮ್ಮ ಆಧಾರ್ ಡಿ-ಲಿಂಕ್ ಮಾಡಿಸಿ ಹೋಗಬೇಕು ಅನ್ನೋದನ್ನು ಅಗ್ರಿಮೆಂಟಿನಲ್ಲೇ ಸೇರಿಸಿದರು. ಇದು ನನಗೆ ಹೊಳೆಯುತ್ತಲೇ ಇರಲಿಲ್ಲ.

ಆಮೇಲೆ ಒಂದೊಂದೇ ನಲ್ಲಿ ತಿರುಗಿಸಿದರು. ಬಾತ್‌ರೂಮಿನಲ್ಲಿ ಒಂದು ಬಕೆಟ್ ನೀರು ಸುರಿದು ಯಾವ ಕಡೆ ಹರಿಯುತ್ತದೆ ಅಂತ ನಿಂತು ನೋಡಿದರು. ಗೋಡೆ, ಸಿಂಕು, ಬಾಗಿಲ ಚಿಲಕ ಎಲ್ಲದರ ವಿಡಿಯೋ ಮಾಡಿ ನನ್ನ ಫೋನಿಗೂ ಕಳಿಸಿದರು, ಬಾಡಿಗೆಗೆ ಬಂದವರ ಫೋನಿಗೂ. ಬಿಡುವಾಗ "ಈ ಬಿರುಕು ಮೊದಲೇ ಇತ್ತು" ಅನ್ನೋ ಜಗಳ ಬರಬಾರದು ನೋಡಿ. ಕಾರ್ಪೊರೇಷನ್ ನೀರು ಬಂದಾಗ ಮೇಲಿನ ಸಿಂಟೆಕ್ಸ್‌ಗೆ ಯಾರು ಮೋಟರ್ ಹಾಕಬೇಕು, ಆ ಕರೆಂಟು ಯಾರ ಮೀಟರಿಗೆ, ಅದೂ ಬರಹದಲ್ಲಿ.

ಅಗ್ರಿಮೆಂಟು 11 ತಿಂಗಳದ್ದು. ಇದರಲ್ಲಿ ಗುಟ್ಟೇನಿಲ್ಲ, ಒಂದು ವರ್ಷ ದಾಟಿದ ಕರಾರಿಗೆ ಸಬ್ ರಿಜಿಸ್ಟ್ರಾರ್ ಕಚೇರಿಯಲ್ಲಿ ನೋಂದಣಿ ಆಗಬೇಕು, ಅದಕ್ಕೇ ಎಲ್ಲರೂ 11ಕ್ಕೆ ನಿಲ್ಲಿಸುವುದು. ಮುಂದುವರಿಸಿದರೆ ಬಾಡಿಗೆ ಎಷ್ಟು ಜಾಸ್ತಿ, ಬಿಡುವುದಾದರೆ ಎಷ್ಟು ಮುಂಚೆ ಹೇಳಬೇಕು, ಪೇಂಟಿಂಗ್‌ಗೆ ಅಡ್ವಾನ್ಸ್‌ನಲ್ಲಿ ಎಷ್ಟು ಹಿಡಿಯಬೇಕು, ಮೂರೂ ಅಂಕಿಯಲ್ಲೇ ಬರೆಸಿ.

ಇನ್ನು ಇಷ್ಟ ಆಗದ್ದು. "ಯಾವ ಜನ ಆಗಬಹುದು?" ಅಂತ ಕೇಳಿದರು. ಬಾಡಿಗೆ ಸರಿಯಾಗಿ ಕೊಡುವ ಜನ ಅಂದೆ. ನಕ್ಕರು, ಆದರೂ ಪುಸ್ತಕದಲ್ಲಿ ಅದಕ್ಕೊಂದು ಕಾಲಂ ಇದ್ದಿದ್ದು ಕಣ್ಣಿಗೆ ಬಿತ್ತು.

ಭೋಗ್ಯಕ್ಕೆ ಹಾಕಿ ಅಂತಲೂ ಬಲವಂತ ಮಾಡಿದರು. ಐದು ಲಕ್ಷ ಒಟ್ಟಿಗೆ ಕೈಗೆ ಬರುತ್ತದೆ, ತಿಂಗಳ ಬಾಡಿಗೆ ತಲೆನೋವಿಲ್ಲ ಅಂತ. ಹೊಸದಾಗಿ ಮನೆ ಕಟ್ಟಿಸಿ ಸಾಲದಲ್ಲಿ ಇರುವವರಿಗೆ ಆಸೆ ಆಗುತ್ತದೆ, ಅಲ್ವಾ? ಆದರೆ ಅದು ನಮ್ಮ ದುಡ್ಡಲ್ಲ. ಅವಧಿ ಮುಗಿದ ದಿನ ಐದೂ ಲಕ್ಷ ಎಣಿಸಬೇಕು, ಅಷ್ಟು ಹೊತ್ತಿಗೆ ಅದು ಗಾರೆ, ಗ್ರಾನೈಟ್ ಆಗಿ ಗೋಡೆ ಸೇರಿರುತ್ತದೆ. ನಾನು ಬಾಡಿಗೆಗೇ ನಿಂತೆ.

ಅವರದೇ ಇನ್ನೊಂದು ಸೇವೆ ಇದೆ. ಬಾಡಿಗೆಯ ನೂರಕ್ಕೆ ಐದು ಕೊಟ್ಟರೆ ಪ್ರತಿ ತಿಂಗಳು ವಸೂಲಿ, ಸಣ್ಣಪುಟ್ಟ ರಿಪೇರಿ ಅವರೇ ನೋಡಿಕೊಳ್ಳುತ್ತಾರೆ. ಬೆಂಗಳೂರಲ್ಲಿರುವ ನಮ್ಮಣ್ಣ ತನ್ನ ಮನೆಯನ್ನು ಹಾಗೆ ಒಪ್ಪಿಸಿದ್ದಾನೆ. ಬಾಡಿಗೆ ಬರುತ್ತದೆ, ಆದರೆ ತಡವಾಗಿ. ಒಂದು ನಲ್ಲಿ ಬದಲಾಯಿಸಿದ್ದಕ್ಕೆ 1,400 ರೂಪಾಯಿ ಅಂತ ವಾಟ್ಸಾಪ್‌ನಲ್ಲಿ ಬರೀ ಅಂಕಿ ಬಂತು. ರಸೀದಿ ಕೇಳಿದರೆ "ಪ್ಲಂಬರ್ ನಮ್ ಹುಡುಗಾನೇ, ಬಿಡ್ರಿ ಸಾರ್" ಅನ್ನೋ ಉತ್ತರ. ಊರಲ್ಲೇ ಇರುವವರಿಗೆ ಈ ಸೇವೆ ಖಂಡಿತ ಬೇಡ. ಬಾಡಿಗೆ ನೇರ ನಿಮ್ಮ ಬ್ಯಾಂಕ್ ಖಾತೆಗೆ ಬರಲಿ. ಲೆಕ್ಕವೂ ಉಳಿಯುತ್ತದೆ, ಇನ್‌ಕಮ್ ಟ್ಯಾಕ್ಸ್ ರಿಟರ್ನ್ಸ್ ಹಾಕುವಾಗ ಸುಲಭ. ಕಾರ್ಪೊರೇಷನ್‌ಗೆ ಕಟ್ಟಿದ ಕಂದಾಯ ಕಳೆದು, ಉಳಿದ ಬಾಡಿಗೆಯಲ್ಲಿ ನೂರಕ್ಕೆ 30 ರಿಪೇರಿ ಮಾಡಿಸಿದರೂ ಮಾಡಿಸದಿದ್ದರೂ ವಿನಾಯಿತಿ ಸಿಗುತ್ತದೆ. ಕಂದಾಯವನ್ನು ಏಪ್ರಿಲ್‌ನಲ್ಲೇ ಕಟ್ಟಿ, ನೂರಕ್ಕೆ ಐದು ರಿಯಾಯಿತಿ ಇದೆ.

ಅಂದಹಾಗೆ, 9,000ವನ್ನು 12ರಿಂದ ಗುಣಿಸಿ ಖುಷಿಪಡಬೇಡಿ. ಬ್ರೋಕರ್‌ಗೆ ಒಂದು ತಿಂಗಳದ್ದು ಹೋಯಿತು, ಮನೆ ಖಾಲಿ ಬಿದ್ದಾಗ ಇನ್ನೊಂದು ತಿಂಗಳದ್ದು. ನಾನು ಹತ್ತು ತಿಂಗಳ ಲೆಕ್ಕವನ್ನೇ ಹಿಡಿಯುತ್ತೇನೆ, 90,000. ಬ್ಯಾಂಕ್ ಕಂತಿಗೆ ಅದು ಸಾಲುತ್ತದಾ ನೋಡಿಕೊಂಡೇ ಮೇಲಂತಸ್ತಿಗೆ ಕೈ ಹಾಕಿ.

ಐದಕ್ಕೆ ಮೂರೂವರೆ ಕೊಡುತ್ತೇನೆ. ಹೋಗುವವರು ಕಮಿಷನ್ ಮೊದಲೇ ಮಾತಾಡಿ. ಬಾಡಿಗೆದಾರರಿಂದಲೂ ಅವರು ಒಂದು ತಿಂಗಳದ್ದು ತೆಗೆದುಕೊಳ್ಳುತ್ತಾರೆ, ಹಾಗಾಗಿ ನಿಮ್ಮದನ್ನು ಅರ್ಧಕ್ಕೆ ಇಳಿಸಿ ಅಂತ ಕೇಳಬಹುದು. ನನ್ನ ಪಕ್ಕದ ಮನೆಯವರಿಗೆ ಇಳಿಸಿದ್ದಾರೆ.